ಗಂಟಿಗೆ ಔಷಧಿ ಕೊಡುವ ಮೊದಲು ಪರೀಕ್ಷೆ ಮಾಡಿಸಿ: ಕೊಡಗಿನ ಆರೋಗ್ಯಾಧಿಕಾರಿಗಳಿಗೆ, ವೈದ್ಯರಿಗೆ ಮತ್ತು ಜನರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ, ಕೊಡಗಿನ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ವೈದ್ಯರೇ, ನನ್ನ ಜಿಲ್ಲೆಯ ಬಂಧುಗಳೇ,

ನಾನು ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ 29 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ವೈದ್ಯಶಾಸ್ತ್ರ ಓದಿದವಳಲ್ಲ. ಆದರೂ ವೈದ್ಯರನ್ನು ಉದ್ದೇಶಿಸಿ ಬರೆಯುವ ಧೈರ್ಯ ಮಾಡಿರುವುದು ನನ್ನ ಮಗನ ಕಾರಣಕ್ಕೆ. ಅವನಿಗೆ 20ನೆಯ ವಯಸ್ಸಿನಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಬಂದಿತ್ತು. ಅದು ಕ್ಯಾನ್ಸರ್ ಎಂದು ತಿಳಿಯುವ ಮೊದಲು ಅವನು ಹತ್ತಿರ ಹತ್ತಿರ ಐದು ತಿಂಗಳು ತನಗಿಲ್ಲದ ಕ್ಷಯರೋಗಕ್ಕೆ ಮಾತ್ರೆ ನುಂಗಿದ. ಈಗ ಚಿಕಿತ್ಸೆ ಮುಗಿದು ಐದು ವರ್ಷ ದಾಟಿದೆ, ಆರೋಗ್ಯವಾಗಿದ್ದಾನೆ, ಕೆಲಸಕ್ಕೆ ಹೋಗುತ್ತಿದ್ದಾನೆ. ಆದ್ದರಿಂದ ಇದು ಕೋಪದಿಂದ ಬರೆದ ಪತ್ರವಲ್ಲ. ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿನಲ್ಲಿ ನಾಲ್ಕಾರು ವಾರ ಕಳೆದರೂ ಕರಗದ ಗಂಟಿಗೆ, ಅದು ಏನೆಂದು ಪರೀಕ್ಷಿಸದೆ ತಿಂಗಳುಗಟ್ಟಲೆ ಔಷಧಿ ಕೊಡುವುದು ನಮ್ಮ ಜಿಲ್ಲೆಯಲ್ಲಿ ನಿಲ್ಲಬೇಕು ಎಂಬ ಒಂದೇ ಬೇಡಿಕೆಗಾಗಿ ಬರೆಯುತ್ತಿದ್ದೇನೆ. ಮುಂದೆ ಹೇಳುವುದೆಲ್ಲ ಆ ಬೇಡಿಕೆಯ ಸುತ್ತಲಿನದೇ.

2019ರ ಜೂನ್‌ನಲ್ಲಿ ಮಗ ಗಡ್ಡ ಕೆರೆದುಕೊಳ್ಳುವಾಗ ಎಡಗಡೆ ಕುತ್ತಿಗೆಯ ಬುಡದಲ್ಲಿ, ಕಾಲರ್ ಮೂಳೆಗೆ ತುಸು ಮೇಲೆ, ಕಾಫಿ ಹಣ್ಣಿನಷ್ಟು ದೊಡ್ಡ ಗಂಟೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲವೆಂಬುದೇ ನಮಗೆ ಸಮಾಧಾನದ ಸಂಗತಿಯಾಗಿತ್ತು. ನೋವಿಲ್ಲದ ಗಂಟನ್ನೇ ಹೆಚ್ಚು ಎಚ್ಚರಿಕೆಯಿಂದ ನೋಡಬೇಕು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಜುಲೈ ಹೊತ್ತಿಗೆ ಸಂಜೆ ಜ್ವರ ಬರತೊಡಗಿತು. ನಮ್ಮ ಕಡೆಯ ಜುಲೈ ಹೇಗಿರುತ್ತದೆಂದು ನಿಮಗೆ ಗೊತ್ತು: ಎರಡು ಕಂಬಳಿ ಹೊದ್ದರೂ ಚಳಿ ಬಿಡದು, ಒಗೆದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಹರವಿ ಒಣಗಿಸಬೇಕು. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಅವನ ದಿಂಬಿನ ಗೌಸು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಹಂಚು ಜರುಗಿ ಮಾಡು ಸೋರುತ್ತಿದೆ ಎಂದುಕೊಂಡು ನಾನು ಅವನ ಮಂಚವನ್ನು ಆಚೆ ಗೋಡೆಗೆ ಸರಿಸಿದೆ. ಮರುದಿನವೂ ಗೌಸು ಒದ್ದೆ. ಮೂರನೆಯ ದಿನ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚು ಹಿಡಿದು ನೋಡಿದೆ. ಮಾಡು ಸೋರುತ್ತಿರಲಿಲ್ಲ, ಹುಡುಗನ ಹಣೆ, ಎದೆ, ಬೆನ್ನು ಬೆವರಿನಲ್ಲಿ ತೊಯ್ದಿದ್ದವು.

ನಾವು ಹೋದ ಖಾಸಗಿ ಚಿಕಿತ್ಸಾಲಯದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಎದೆಯ ಎಕ್ಸ್‌ರೇ ತೆಗೆಸಿ, ಇದು ಗಂಟಿನ ಟಿಬಿ ಎಂದು ಹೇಳಿ ನಾಲ್ಕು ಬಗೆಯ ಮಾತ್ರೆ ಬರೆದುಕೊಟ್ಟರು. ಗಂಟಿಗೆ ಸೂಜಿ ಹಾಕಿ ನೋಡಲಿಲ್ಲ. ಆ ವೈದ್ಯರ ಊಹೆಯನ್ನು ನಾನು ಮೂರ್ಖತನವೆಂದು ಎಂದೂ ಹೇಳಿಲ್ಲ. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟು ವಾರಗಟ್ಟಲೆ ಉಳಿದರೆ ಕ್ಷಯವೇ ಅದರ ಸಾಮಾನ್ಯ ಕಾರಣ. ನಮ್ಮ ಹಿರಿಯರು ಗಂಡಮಾಲೆ ಎಂದು ಕರೆಯುತ್ತಿದ್ದದ್ದೂ ಬಹುಪಾಲು ಅದನ್ನೇ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವೆಲ್ಲ ಎರಡು ರೋಗಗಳಲ್ಲೂ ಇವೆ. ಮಾತ್ರೆ ಶುರುವಾದ ಮೂರು ವಾರಕ್ಕೆ ಜ್ವರ ಬಿಟ್ಟಿತು, ನಾವು ದೇವರಿಗೆ ಕೈಮುಗಿದೆವು. ಹಾಡ್ಜ್‌ಕಿನ್ ರೋಗದ ಜ್ವರ ಕೆಲವರಲ್ಲಿ ಹೀಗೆ ಕೆಲವು ದಿನ ಬಂದು, ಕೆಲವು ದಿನ ತಾನಾಗಿ ಬಿಟ್ಟು, ಮತ್ತೆ ಬರುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ನವೆಂಬರ್ ವೇಳೆಗೆ 62 ಕಿಲೋ ಇದ್ದ ಹುಡುಗ 54ಕ್ಕೆ ಇಳಿದಿದ್ದ, ಗಂಟು ನೆಲ್ಲಿಕಾಯಿಯಷ್ಟಾಗಿ ಅದರ ಪಕ್ಕದಲ್ಲಿ ಇನ್ನೆರಡು ಎದ್ದಿದ್ದವು, ಮೈಯೆಲ್ಲ ತುರಿಕೆ. ಆರು ತಿಂಗಳೊಳಗೆ ಕಾರಣವಿಲ್ಲದೆ ದೇಹದ ತೂಕದಲ್ಲಿ ನೂರಕ್ಕೆ ಹತ್ತು ಪಾಲು ಇಳಿದರೆ ಅದು ಲಿಂಫೋಮಾದ ಮುಖ್ಯ ಸೂಚನೆಗಳಲ್ಲಿ ಒಂದು ಎಂದು ಬೆಂಗಳೂರಿನ ವೈದ್ಯರು ಹೇಳಿದಾಗ, ತೂಕದ ಚೀಟಿಗಳನ್ನೆಲ್ಲ ಒಪ್ಪವಾಗಿ ಫೈಲಿನಲ್ಲಿ ಜೋಡಿಸಿಟ್ಟಿದ್ದ ನನಗೆ ಆ ಲೆಕ್ಕ ಮಾಡಲು ಯಾಕೆ ಹೊಳೆಯಲಿಲ್ಲ ಎಂದು ಬಹಳ ದಿನ ಸಂಕಟಪಟ್ಟೆ.

ಈ ರೋಗ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಮ್ಮ ಜನರಿಗೆ ತಿಳಿಯುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ. ರಕ್ತನಾಳಗಳಿಂದ ಜಿನುಗಿ ಹೊರಬಂದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸಲು ಮೈತುಂಬ ಸಣ್ಣ ಸಣ್ಣ ಕಾಲುವೆಗಳಿವೆ. ಆ ದ್ರವಕ್ಕೆ ದುಗ್ಧರಸ ಎಂದು ಹೆಸರು. ಕಾಫಿ ತೋಟದ ಇಳಿಜಾರಿನಲ್ಲಿ ಮಳೆಯ ನೀರನ್ನೂ ಕೊಚ್ಚಿ ಬರುವ ಮಣ್ಣನ್ನೂ ತಡೆಯಲು ನಾವು ಸಾಲಿನ ನಡುವೆ ತೊಟ್ಟಿಲು ಗುಂಡಿ ತೋಡುವಂತೆ, ಈ ಕಾಲುವೆಗಳ ದಾರಿಯಲ್ಲಿ ಅಲ್ಲಲ್ಲಿ ದುಗ್ಧರಸ ಗ್ರಂಥಿಗಳಿವೆ. ವೈದ್ಯರು ಲಿಂಫ್ ನೋಡ್ ಎನ್ನುವುದು ಇವುಗಳಿಗೇ. ಅಲ್ಲಿ ಕಾವಲಿಗಿರುವ ಬಿಳಿ ರಕ್ತಕಣಗಳು ರೋಗಾಣುಗಳನ್ನು ಹಿಡಿದು ಕೊಲ್ಲುತ್ತವೆ. ಹಲ್ಲು ನೋವು, ಗಂಟಲು ನೋವು, ತಲೆಯ ಹುಣ್ಣು ಬಂದಾಗ ಕುತ್ತಿಗೆಯಲ್ಲಿ ಗಂಟು ಏಳುವುದು ಆ ಕಾವಲಿನವರು ಕೆಲಸದಲ್ಲಿದ್ದಾರೆಂಬ ಗುರುತು. ಅದು ಎರಡು ಮೂರು ವಾರದಲ್ಲಿ ಇಳಿಯುತ್ತದೆ, ಹೆದರಬೇಕಾದ್ದಿಲ್ಲ. ಆ ಕಾವಲು ಕಣಗಳಲ್ಲೇ ಒಂದು ಕೆಟ್ಟು, ಸಾಯಬೇಕಾದಾಗ ಸಾಯದೆ ತನ್ನಂಥವನ್ನೇ ಹುಟ್ಟಿಸುತ್ತ ಹೋದರೆ ಅದು ಲಿಂಫೋಮಾ. ಇದು ತಂಬಾಕಿನಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನನ್ನ ಮಗ ಊಟ ಮಾಡಿದ ತಟ್ಟೆಯನ್ನು ಬೇರೆ ಇಡಬೇಕೇ ಎಂದು ಕೇಳಿದ ನೆಂಟರೂ ಇದ್ದರು, ಆದ್ದರಿಂದ ಇದನ್ನು ಬರೆಯಬೇಕಾಯಿತು.

ಈಗ ಪರೀಕ್ಷೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಾವು ಕಳೆದುಕೊಂಡ ಐದು ತಿಂಗಳು ಇಲ್ಲಿಯೇ ಹೋದವು. ಗಂಟಿಗೆ ತೆಳು ಸೂಜಿ ಹಾಕಿ ಒಂದಿಷ್ಟು ಕಣಗಳನ್ನು ಎಳೆದು ನೋಡುವುದು ಮೊದಲ ಹೆಜ್ಜೆ. ಆ ಮಾದರಿಯನ್ನೇ ಟಿಬಿಯ ಸಿಬಿನ್ಯಾಟ್ ಯಂತ್ರಕ್ಕೂ ಕೊಡಬಹುದು. ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಈ ಪರೀಕ್ಷೆಗೆ ರೋಗಿಯಿಂದ ಹಣ ಪಡೆಯುವುದಿಲ್ಲ. ಟಿಬಿ ಎಂದು ಖಚಿತವಾದರೆ ಸಂತೋಷ, ಆರು ತಿಂಗಳ ಔಷಧಿಗೆ ಗುಣವಾಗುವ ರೋಗ ಅದು. ಖಚಿತವಾಗದಿದ್ದರೆ ಅಲ್ಲಿಗೆ ನಿಲ್ಲಬಾರದು. ಸೂಜಿಯಲ್ಲಿ ಬಿಡಿ ಬಿಡಿ ಕಣಗಳು ಸಿಗುತ್ತವೆಯೇ ಹೊರತು ಗ್ರಂಥಿಯ ಒಳಗಿನ ರಚನೆ ಕಾಣುವುದಿಲ್ಲ, ಲಿಂಫೋಮಾವನ್ನು ಗುರುತಿಸಲು ಆ ರಚನೆಯೇ ಮುಖ್ಯ. ನಾಲ್ಕು ಇಟ್ಟಿಗೆ ನೋಡಿ ಅದು ಯಾರ ಮನೆಯದೆಂದು ಹೇಳಲಾಗದಂತೆ. ಹೀಗಾಗಿ ಇಡೀ ಗಂಟನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕಾಗುತ್ತದೆ. ಮೇಲ್ಮೈಯಲ್ಲಿರುವ ಗಂಟಾದರೆ ಇದು ಸಾಮಾನ್ಯವಾಗಿ ಚಿಕ್ಕ ಶಸ್ತ್ರಚಿಕಿತ್ಸೆ, ಮಗ ಅಂದೇ ಸಂಜೆ ಮನೆಗೆ ಬಂದ. 2016ರಲ್ಲಿ ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದ ಮೇಲೆ ಶಸ್ತ್ರಚಿಕಿತ್ಸಕರಿಗಾಗಿ ಘಟ್ಟ ಇಳಿಯಬೇಕಾದ, ಮೈಸೂರಿಗೆ ಓಡಬೇಕಾದ ಕಾಲ ಹೋಯಿತು. ಕೊರತೆ ಇರುವುದು, ಗಂಟನ್ನು ಮೊದಲು ನೋಡುವ ವೈದ್ಯರಿಂದ ಗಂಟನ್ನು ತೆಗೆಯುವ ವೈದ್ಯರವರೆಗಿನ ದಾರಿಯಲ್ಲಿ.

ವೈದ್ಯರಿಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಎಂದು ಬೇಸರಿಸಬೇಡಿ. ಇನ್ನೆರಡು ಮಾತು ಉಳಿದಿವೆ. ಗಂಟಿನ ಜೊತೆ ಉಬ್ಬಸವೋ ತುರಿಕೆಯೋ ಇದೆಯೆಂದು ಬಯಾಪ್ಸಿಗೆ ಮೊದಲೇ ಸ್ಟಿರಾಯ್ಡ್ ಕೊಟ್ಟರೆ, ಲಿಂಫೋಮಾದ ಗಂಟು ತಾತ್ಕಾಲಿಕವಾಗಿ ಕುಗ್ಗಿ, ಆಮೇಲೆ ತೆಗೆದ ಮಾದರಿಯಲ್ಲಿ ರೋಗವೇ ಸರಿಯಾಗಿ ಕಾಣದೆ ಹೋಗಬಹುದು. ತೆಗೆದ ಗಂಟನ್ನು ಪೂರ್ತಿಯಾಗಿ ಫಾರ್ಮಾಲಿನ್‌ಗೆ ಹಾಕಿಬಿಟ್ಟರೆ ರೋಗಾಣುವನ್ನು ಬೆಳೆಸಿ ನೋಡುವ ಟಿಬಿಯ ಕಲ್ಚರ್‌ಗೆ ಅದು ಒದಗುವುದಿಲ್ಲ, ಸಣ್ಣ ತುಂಡೊಂದನ್ನು ಬೇರೆಯಾಗಿ ಸಲೈನ್‌ನಲ್ಲಿ ಇಡಬೇಕು; ಹಾಗೆಂದು ಇಡೀ ಗಂಟನ್ನು ಸಲೈನ್‌ನಲ್ಲೇ ಇಟ್ಟು ಎರಡು ದಿನ ಬಿಟ್ಟು ಪ್ರಯೋಗಾಲಯಕ್ಕೆ ಕಳಿಸಿದರೆ ಅದು ಕೆಟ್ಟು ಯಾವ ಉಪಯೋಗಕ್ಕೂ ಬಾರದು. ಇನ್ನು ಜನರಿಗೆ ಒಂದು ಮಾತು. "ಕತ್ತಿ ತಾಗಿದರೆ ಗಂಟು ಮೈಗೆಲ್ಲ ಹರಡುತ್ತದೆ" ಎಂದು ಸಂತೆಯಲ್ಲಿ, ಮದುವೆ ಮನೆಯಲ್ಲಿ ನಾನೂ ಕೇಳಿದ್ದೇನೆ. ಲಿಂಫೋಮಾ ಹರಡುವುದು ಬಯಾಪ್ಸಿಯಿಂದಲ್ಲ, ಬಯಾಪ್ಸಿ ಮಾಡಿಸದೆ ಕಳೆದ ದಿನಗಳಲ್ಲಿ. ನಾಟಿ ಲೇಪ ಹಚ್ಚುವುದು, ಶಾಖ ಕೊಡುವುದು ಇವುಗಳಿಂದ ಗಂಟಿನ ಮೇಲಿನ ಚರ್ಮ ಸುಟ್ಟು ಪರೀಕ್ಷೆಯೂ ಕಷ್ಟವಾದ ಒಬ್ಬ ಹೆಣ್ಣುಮಗಳನ್ನು ಧರ್ಮಶಾಲೆಯಲ್ಲಿ ಕಂಡಿದ್ದೇನೆ.

ಮಗನ ಗಂಟನ್ನು ಡಿಸೆಂಬರ್‌ನಲ್ಲಿ ತೆಗೆದರು. ಅದನ್ನು ಮೇಣದಲ್ಲಿ ಹುದುಗಿಸಿ ಅಂಚೆಚೀಟಿಯಷ್ಟಗಲದ ಪುಟ್ಟ ಬ್ಲಾಕ್ ಮಾಡಿರುತ್ತಾರೆ, ಅದರಿಂದ ಕೂದಲಿಗಿಂತ ತೆಳುವಾದ ಪದರ ಕೊಯ್ದು ಗಾಜಿನ ಸ್ಲೈಡಿಗೆ ಅಂಟಿಸುತ್ತಾರೆ. ಎರಡು ಬ್ಲಾಕ್ ಮತ್ತು ಆರು ಸ್ಲೈಡುಗಳನ್ನು ನನ್ನ ಕೈಗೆ ಕೊಟ್ಟು ಬೆಂಗಳೂರಿಗೆ ಒಯ್ಯಲು ಹೇಳಿದರು. ಶಾಲೆಗೆ ಊಟ ಒಯ್ಯುತ್ತಿದ್ದ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ, ಸ್ಲೈಡುಗಳನ್ನು ಮಗನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಕುಶಾಲನಗರ ದಾಟುವಾಗ ಪಕ್ಕದ ಹೆಂಗಸು, "ಡಬ್ಬಿ ಮೇಲಿಡಿ ಅಕ್ಕಾ, ಕೈ ನೋಯುತ್ತದೆ" ಎಂದಳು. ಇಡಲು ಮನಸ್ಸಾಗಲಿಲ್ಲ. ಆ ಬ್ಲಾಕ್‌ಗಳ ಮೇಲೆ ಬೆಂಗಳೂರಿನಲ್ಲಿ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆ ನಡೆದು, ಸಿಡಿ 30 ಮತ್ತು ಸಿಡಿ 15 ಎಂಬ ಗುರುತುಗಳು ಕಂಡು, ಇದು ಹಾಡ್ಜ್‌ಕಿನ್ ಎಂದು ನಿಶ್ಚಯವಾಯಿತು. ಓದುಗರಲ್ಲಿ ಯಾರ ಮನೆಗಾದರೂ ಇಂಥ ದಿನ ಬಂದರೆ ಬ್ಲಾಕ್ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ, ಚಿಕಿತ್ಸೆ ಮುಗಿದ ಮೇಲೂ ಕಳೆಯಬೇಡಿ. ವರ್ಷಗಳ ನಂತರ ಮತ್ತೆ ಪರೀಕ್ಷೆ ಬೇಕಾದಾಗ ಅದೇ ಆಧಾರ.

ಈ ರೋಗವನ್ನು 1832ರಲ್ಲಿ ಮೊದಲು ವಿವರಿಸಿದವರು ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್, ಹೆಸರು ಅಲ್ಲಿಂದ ಬಂದದ್ದು. ಉಳಿದೆಲ್ಲ ಲಿಂಫೋಮಾಗಳನ್ನು ಒಟ್ಟಾಗಿ ನಾನ್ ಹಾಡ್ಜ್‌ಕಿನ್ ಎನ್ನುತ್ತಾರೆ, ಅವುಗಳಲ್ಲಿ ಹತ್ತಾರು ಬಗೆಗಳಿವೆ. ಕೆಲವು ವಾರಗಳಲ್ಲಿ ಬೆಳೆಯುವಂಥವು, ಕೆಲವು ವರ್ಷಗಟ್ಟಲೆ ಸುಮ್ಮನಿರುವಂಥವು. ಯಾವ ಬಗೆ ಎಂದು ತಿಳಿಯದೆ ಯಾವ ಔಷಧಿ ಎಂದು ಹೇಳಲು ಸಾಧ್ಯವೇ ಇಲ್ಲ. ನಾನ್ ಹಾಡ್ಜ್‌ಕಿನ್‌ನಲ್ಲಿ ಅತಿ ಸಾಮಾನ್ಯವಾದ ಬಗೆಗೆ 21 ದಿನಗಳಿಗೊಮ್ಮೆ, ಸಾಮಾನ್ಯವಾಗಿ ಆರು ಸಲ, ಆರ್‌ಚಾಪ್ ಎಂಬ ಔಷಧಿಗಳ ಗುಂಪನ್ನು ಕೊಡುತ್ತಾರೆ. ಅದರಲ್ಲಿನ ರಿಟುಕ್ಸಿಮಾಬ್ ಎಂಬ ಔಷಧಿ ಅಮೆರಿಕದಲ್ಲಿ 1997ರಲ್ಲಿ ಬಂದಾಗ ನಮ್ಮಂಥವರ ಕೈಗೆಟುಕುವಂತಿರಲಿಲ್ಲ, 2007ರಲ್ಲಿ ಭಾರತದಲ್ಲೇ ತಯಾರಾದ ಅದರ ಸಮಾನ ಔಷಧಿ ಬಂದ ಮೇಲೆ ಬೆಲೆ ಇಳಿಯಿತು. ಹಿಂದೊಮ್ಮೆ ಹೆಪಟೈಟಿಸ್ ಬಿ ಬಂದವರಿಗೆ ಈ ಔಷಧಿಯಿಂದ ಆ ಕಾಮಾಲೆ ಮರುಕಳಿಸುವ ಅಪಾಯವಿರುವುದರಿಂದ ಮೊದಲೇ ರಕ್ತ ಪರೀಕ್ಷೆ ಮಾಡಲೇಬೇಕು.

ರೋಗ ಮೈಯಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಮಗನ ರೋಗ ಎರಡನೆಯ ಹಂತದಲ್ಲಿದೆ ಎಂದು ತಿಳಿಯಿತು; ಕುತ್ತಿಗೆ ಮತ್ತು ಎದೆಯ ಗ್ರಂಥಿಗಳಲ್ಲಿತ್ತು, ಎದೆಗೂ ಹೊಟ್ಟೆಗೂ ನಡುವಿನ ವಪೆಗಿಂತ ಕೆಳಗೆ ಇಳಿದಿರಲಿಲ್ಲ. ಅಂದು ಅದೇ ಸಾಲಿನಲ್ಲಿ ಕುಳಿತಿದ್ದ ಪಿರಿಯಾಪಟ್ಟಣದ ಕಡೆಯ ಹುಡುಗಿಗೆ ನಾಲ್ಕನೆಯ ಹಂತ ಎಂದರು, ಅವಳ ತಂದೆ ನೆಲದ ಮೇಲೆ ಕುಳಿತುಬಿಟ್ಟರು. ವೈದ್ಯರು ಅವರನ್ನು ಎಬ್ಬಿಸಿ ಹೇಳಿದ ಮಾತನ್ನು ನಾನು ಎಲ್ಲರಿಗೂ ತಲುಪಿಸಬೇಕೆಂದಿದ್ದೇನೆ. ಬೇರೆ ಅನೇಕ ಕ್ಯಾನ್ಸರ್‌ಗಳಲ್ಲಿ ನಾಲ್ಕನೆಯ ಹಂತ ಎಂದರೆ ಇರುವ ಅರ್ಥ ಲಿಂಫೋಮಾದಲ್ಲಿ ಇಲ್ಲ. ಈ ಔಷಧಿ ರಕ್ತದ ಜೊತೆ ಮೈಯೆಲ್ಲ ತಿರುಗುವುದರಿಂದ ನಾಲ್ಕನೆಯ ಹಂತದಲ್ಲೂ ಪೂರ್ಣ ಗುಣವನ್ನೇ ಗುರಿಯಾಗಿಟ್ಟು ಚಿಕಿತ್ಸೆ ಮಾಡುತ್ತಾರೆ. ಹಾಡ್ಜ್‌ಕಿನ್ ರೋಗ ಬಂದವರಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ. ಹುಡುಗನಿಗೆ ಹೇಳಬೇಡಿ, ಎದೆ ಒಡೆದುಕೊಂಡಾನು ಎಂದು ಬಂಧುಗಳೆಲ್ಲ ಹೇಳಿದ್ದರು. ನಾನು ಹೇಳಿದೆ. ಆಸ್ಪತ್ರೆಯ ಹೊರಗಿನ ಚಹಾದ ಅಂಗಡಿಯ ಮುಂದೆ ನಿಂತು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಟಿಬಿ ಮಾತ್ರೆ ಇವತ್ತಿನಿಂದ ಬೇಡವಾ ಅಮ್ಮ?" ಎಂದು ಕೇಳಿದ. ಆ ಮಾತ್ರೆಗಳಿಂದ ಅವನಿಗೆ ದಿನವೂ ವಾಕರಿಕೆ ಬರುತ್ತಿತ್ತು.

2020ರ ಜನವರಿಯಿಂದ ಎರಡು ವಾರಕ್ಕೊಂದರಂತೆ ಎಬಿವಿಡಿ ಎಂಬ ನಾಲ್ಕು ಔಷಧಿಗಳ ಕಿಮೋವನ್ನು 12 ಡೋಸ್ ಕೊಟ್ಟರು. ಅದರಲ್ಲೊಂದು ಕೆಂಪು ಔಷಧಿ, ಅದು ಹೋದ ದಿನ ಮೂತ್ರವೂ ಕೆಂಪಾಗುತ್ತದೆ. ಮೊದಲೇ ಹೇಳದಿದ್ದರೆ ರಕ್ತವೆಂದು ಯಾರಾದರೂ ಹೆದರುತ್ತಾರೆ. ಕೂದಲು ಉದುರಿತು, ಮತ್ತೆ ಬಂತು. ಮಾರ್ಚ್ 24ರ ರಾತ್ರಿ ದೇಶವೇ ಮುಚ್ಚಿದಾಗ ಏಳನೆಯ ಡೋಸ್‌ಗೆ ವಾರವಿತ್ತು, ಪಾಸ್ ಪಡೆದು ಬಾಡಿಗೆ ಜೀಪಿನಲ್ಲಿ ಹೋಗಿ ಬಂದೆವು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದು ಮಂಗಳೂರಿನ ದಾರಿ ಮುಚ್ಚಿದ್ದನ್ನು ನಾವು ಮರೆತಿಲ್ಲ. ಕಿಮೋದ ದಿನ ಗುಡ್ಡದ ಮಾತು ಕೇಳುವುದಿಲ್ಲ. ಡೋಸ್‌ಗಳ ನಡುವೆ ಅಂತರ ಹೆಚ್ಚಿದಷ್ಟೂ ಗುಣವಾಗುವ ಅವಕಾಶ ಕಡಿಮೆಯಾಗುತ್ತದೆ. ಕೇಂದ್ರ ಸರ್ಕಾರ 2025-26ರ ಬಜೆಟ್‌ನಲ್ಲಿ ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕಿಮೋ ಪಡೆದು ಅಂದೇ ಮನೆಗೆ ಮರಳಬಹುದಾದ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ ಹೇಳಿದೆ. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಜಿಲ್ಲೆಗೆ ಅದರ ಅಗತ್ಯ ಎಷ್ಟೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಡೋಸ್ ಆದ ಹತ್ತನೆಯ ದಿನ ರಾತ್ರಿ 11 ಗಂಟೆಗೆ ಅವನಿಗೆ 101.2 ಡಿಗ್ರಿ ಜ್ವರ ಬಂತು. ಹತ್ತಿರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಕಿಮೋ ಆಗುತ್ತಿದೆ ಎಂದು ಹೇಳಿದರೂ ಜ್ವರದ ಇಂಜೆಕ್ಷನ್ ಕೊಟ್ಟು, ಬೆಳಿಗ್ಗೆ ಬನ್ನಿ ಎಂದು ಕಳಿಸಿದರು. ಬೆಂಗಳೂರಿನ ವಾರ್ಡಿನ ನರ್ಸ್ ಕೊಟ್ಟಿದ್ದ ಸಂಖ್ಯೆಗೆ ಫೋನ್ ಮಾಡಿದಾಗ ಆ ಪುಣ್ಯಾತಗಿತ್ತಿ, "ಮನೆಗೆ ಹೋಗಬೇಡಿ ಅಮ್ಮ, ಈಗಲೇ ರಕ್ತ ಕೊಡಿಸಿ, ಈಗಲೇ ಆಂಟಿಬಯೋಟಿಕ್ ಶುರು ಮಾಡಿಸಿ" ಎಂದು ಗಟ್ಟಿಯಾಗಿ ಹೇಳಿದಳು. ಬೇರೊಂದು ಆಸ್ಪತ್ರೆ ತಲುಪುವಾಗ ಎರಡು ಗಂಟೆ ದಾಟಿತ್ತು. ಸೋಂಕನ್ನು ಎದುರಿಸುವ ನ್ಯೂಟ್ರೋಫಿಲ್ ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ ಕನಿಷ್ಠ 1500 ಇರಬೇಕಾದಲ್ಲಿ 300 ಇದ್ದವು. ಅಂಥ ಸ್ಥಿತಿಯಲ್ಲಿ ಸಾಮಾನ್ಯ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ, ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಹೋಗಬೇಕು. ಅದಕ್ಕಾಗಿ ಆರೋಗ್ಯಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ, ಇದಕ್ಕೆ ಹೆಚ್ಚು ಖರ್ಚೂ ಇಲ್ಲ. ಕಿಮೋ ಪಡೆಯುತ್ತಿರುವ ಜಿಲ್ಲೆಯ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಅಚ್ಚಾದ ಒಂದು ಕಾರ್ಡ್ ಕೊಡಿಸಿ: ಹೆಸರು, ರೋಗ, ಕೊನೆಯ ಡೋಸ್‌ನ ದಿನಾಂಕ, ಚಿಕಿತ್ಸೆ ಕೊಡುತ್ತಿರುವ ವೈದ್ಯರ ಫೋನ್ ಸಂಖ್ಯೆ, ಮತ್ತು ಜ್ವರ 100.4 ಡಿಗ್ರಿ ತಲುಪಿದರೆ ಇದು ತುರ್ತು ಎಂಬ ಒಂದು ಸಾಲು ದಪ್ಪಕ್ಷರದಲ್ಲಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಎಳೆಯ ವೈದ್ಯರಿಗೆ ಅದು ಬಲ, ಬಾಯಿ ಬಾರದ ರೋಗಿಗೂ ಬಲ.

ಇನ್ನೊಂದು ಮಾತನ್ನು ಮಗನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಕಿಮೋಗೆ ಮೊದಲು ವೈದ್ಯರು ಅವನ ವೀರ್ಯವನ್ನು ಶೈತ್ಯದಲ್ಲಿ ಕಾಯ್ದಿರಿಸುವ ವಿಷಯ ಎತ್ತಿದಾಗ ನಾನು ತಲೆ ತಗ್ಗಿಸಿ ಹೊರಗೆ ಹೋಗಿಬಿಟ್ಟೆ. ಹೋಗಬಾರದಿತ್ತು. ಕೆಲವು ಔಷಧಿಗಳಿಂದ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು, ಎಬಿವಿಡಿಯಲ್ಲಿ ಆ ಅಪಾಯ ಕಡಿಮೆ. ಆದರೂ ಹರೆಯದ ಗಂಡಾಗಲಿ ಹೆಣ್ಣಾಗಲಿ ಚಿಕಿತ್ಸೆ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆ ಅದು, ಆಮೇಲೆ ಕೇಳಿದರೆ ತಡವಾಗುತ್ತದೆ. ಮನೆಯವರಿಗೆ ನಾಚಿಕೆಯಾಗುತ್ತದೆಂದು ವೈದ್ಯರು ಬಿಡಬಾರದು.

ಗಂಟಿಲ್ಲದೆ ಬರುವ ಇದೇ ಕುಲದ ರೋಗಗಳೂ ಇವೆ. ನಮ್ಮ ಪಕ್ಕದ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ ಹಿರಿಯ ಹೆಂಗಸೊಬ್ಬರಿಗೆ ಎರಡು ವರ್ಷ ಸೊಂಟನೋವು. ಜೀವಮಾನವೆಲ್ಲ ಬಗ್ಗಿ ಕಳೆ ಕಿತ್ತು, ಚೀಲ ಹೊತ್ತ ಬೆನ್ನು ನೋಯದೆ ಇರುತ್ತದೆಯೇ ಎಂದು ಎಲ್ಲರೂ ಎಂದರು, ಅವರೂ ಹಾಗೆಯೇ ಎಂದುಕೊಂಡು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರು. ಅದು ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಆಗಿತ್ತು. ಆ ರೋಗವೇ ಮೂತ್ರಪಿಂಡಕ್ಕೆ ಕೇಡು, ನೋವಿನ ಮಾತ್ರೆ ಅದಕ್ಕೆ ಇನ್ನಷ್ಟು ಕೇಡು ಮಾಡಿತ್ತು. 50 ದಾಟಿದವರಿಗೆ ರಾತ್ರಿಯೂ ಬಿಡದ ಮೂಳೆನೋವಿನ ಜೊತೆ ರಕ್ತಹೀನತೆ ಕಂಡರೆ, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವ ಮೊದಲು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ ಮತ್ತು ರಕ್ತದ ಪ್ರೋಟೀನ್ ನೋಡಬೇಕು. ಇದಕ್ಕೆ ಪ್ರತಿಯಾಗಿ, ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಬಿಳಿ ಕಣಗಳು ಹೆಚ್ಚಿರುವುದು ಕಂಡು ಸಿಎಲ್‌ಎಲ್ ಎಂಬ ನಿಧಾನಗತಿಯ ರಕ್ತದ ಕ್ಯಾನ್ಸರ್ ಪತ್ತೆಯಾಗುವ ಹಿರಿಯರಿದ್ದಾರೆ. ಅವರಲ್ಲಿ ಅನೇಕರಿಗೆ ವರ್ಷಗಟ್ಟಲೆ ಔಷಧಿಯೇ ಬೇಕಾಗುವುದಿಲ್ಲ. ಕ್ಯಾನ್ಸರ್ ಎಂದು ಹೇಳಿ ಔಷಧಿ ಕೊಡದೆ ಕಳಿಸಿದರೆ ಕೈಬಿಟ್ಟರು ಎಂದು ಭಾವಿಸಬೇಡಿ, ಕಾದು ನೋಡುವುದು ಅಲ್ಲಿ ಚಿಕಿತ್ಸೆಯ ಭಾಗ.

ಹಣದ ಮಾತು ಆಡದೆ ಇರುವುದು ಹೇಗೆ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ನೆರವಿದೆ. ಇದಕ್ಕೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು ಎಂಬುದು ಗೊತ್ತಿಲ್ಲದೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ ಹೋಗಿ ಒಂದು ಚೀಟಿಗಾಗಿ ಮಡಿಕೇರಿಗೆ ಮರಳಿದವರನ್ನು ನಾನು ಬಲ್ಲೆ. 1973ರಿಂದ ನಮ್ಮ ರಾಜ್ಯದ ಬಡ ಕ್ಯಾನ್ಸರ್ ರೋಗಿಗಳಿಗೆ ಆಸರೆಯಾಗಿರುವ ಆ ಸಂಸ್ಥೆಗೆ ಹೊರಡುವ ಮುನ್ನ ಬೇಕಾದ ಕಾಗದಗಳ ವಿವರವನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಬರೆಸಬೇಕು. ಅಸ್ಸಾಂ ಕಡೆಯಿಂದ ಬಂದು ತೋಟಗಳಲ್ಲಿ ದುಡಿಯುವವರು ತಮಗೆ ಇಲ್ಲಿ ಏನೂ ಸಿಗದು ಎಂದುಕೊಂಡಿದ್ದಾರೆ. ಆಯುಷ್ಮಾನ್ ಭಾರತ್ ಕಾರ್ಡನ್ನು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಬಳಸಬಹುದೆಂದು ಅವರಿಗೆ ಹೇಳುವವರು ಬೇಕು. ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ದೊಡ್ಡ ರಿಯಾಯಿತಿ ಇದೆ, ಆದರೆ ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲ, ಮೈಸೂರಿನವರೆಗಿನ 120 ಕಿಲೋಮೀಟರ್ ನಮ್ಮ ಕೈಯಿಂದಲೇ. ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ದಿನಗೂಲಿ ಬಿಟ್ಟು ನೋವಿಲ್ಲದ ಗಂಟನ್ನು ತೋರಿಸಲು ಯಾರೂ ಹೋಗುವುದಿಲ್ಲ. ತೋಟದ ಮಾಲೀಕರೇ, ರೈಟರುಗಳೇ, ಹಾಜರಿಯ ಚೆಕ್‌ರೋಲ್ ಬರೆಯುವಾಗ ಒಮ್ಮೆ ಎದುರಿಗಿರುವವರ ಕುತ್ತಿಗೆಯ ಕಡೆಗೂ ನೋಡಿ, ಒಂದು ದಿನದ ಕೂಲಿ ಕೊಟ್ಟು ಆಸ್ಪತ್ರೆಗೆ ಕಳಿಸಿ.

ಔಷಧಿ ಕಾಯ್ದಷ್ಟೇ ನಮ್ಮನ್ನು ಮಾತೂ ಕಾಯ್ದಿತು. ಧರ್ಮಶಾಲೆಯ ಜಗಲಿಯಲ್ಲಿ, ಹಿಂದಿನ ವರ್ಷ ಇದೇ ಚಿಕಿತ್ಸೆ ಮುಗಿಸಿ ತಪಾಸಣೆಗೆ ಬಂದಿದ್ದ ಹಾಸನದ ಯುವಕನೊಬ್ಬ ನನ್ನ ಮಗನ ಪಕ್ಕದಲ್ಲಿ ಕುಳಿತು, ಬಾಯಿಹುಣ್ಣಿಗೆ ಉಪ್ಪುನೀರು, ಮಲಬದ್ಧತೆಗೆ ಏನು ಮಾಡಬೇಕು, ಯಾವ ದಿನ ಹೆಚ್ಚು ಸುಸ್ತು ಎಂದೆಲ್ಲ ಹೇಳಿದ. ಅಂದು ರಾತ್ರಿ ಮಗ ತಿಂಗಳುಗಳ ನಂತರ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಹಾಗೆ ಗುಣವಾದವರು ಕೊಡಗಿನಲ್ಲೂ ಇದ್ದಾರೆ, ಸಂಬಂಧ ಕೂಡಿಬರುವುದಿಲ್ಲವೆಂಬ ಭಯದಿಂದ ಬಾಯಿ ಬಿಡುವುದಿಲ್ಲ. ತಿಂಗಳಿಗೊಂದು ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಕೋಣೆ, ನಾಲ್ಕು ಕುರ್ಚಿ ಕೊಟ್ಟರೆ ನಾನೂ ನನ್ನ ಮಗನೂ ಬಂದು ಕುಳಿತುಕೊಳ್ಳಲು ಸಿದ್ಧರಿದ್ದೇವೆ. ಎರವ, ಜೇನುಕುರುಬ ಹಾಡಿಗಳಿಂದ ಬರುವವರಿಗೆ ಅವರ ಮಾತಿನಲ್ಲೇ ತಿಳಿಹೇಳಬಲ್ಲ ಆಶಾ ಕಾರ್ಯಕರ್ತೆಯರೂ ಅಲ್ಲಿದ್ದರೆ ಒಳ್ಳೆಯದು.

ಮಾನ್ಯ ಆರೋಗ್ಯಾಧಿಕಾರಿಗಳೇ, ನಾನು ಕೇಳುವ ಆದೇಶ ಅರ್ಧ ಪುಟ ಮೀರುವುದಿಲ್ಲ. ನಾಲ್ಕಾರು ವಾರ ಮೀರಿದ ಗಂಟಿಗೆ ಸೂಜಿ ಪರೀಕ್ಷೆ ಮತ್ತು ಸಿಬಿನ್ಯಾಟ್ ಆಗದೆ ಟಿಬಿ ಔಷಧಿ ಶುರುವಾಗಬಾರದು. ಆ ಪರೀಕ್ಷೆಯಲ್ಲಿ ಟಿಬಿ ಕಾಣದಿದ್ದರೆ, ಅಥವಾ ಟಿಬಿ ಔಷಧಿ ಕೊಟ್ಟು ಎರಡು ತಿಂಗಳಾದರೂ ಗಂಟು ಬೆಳೆಯುತ್ತಲೇ ಇದ್ದರೆ, ರೋಗಿಯನ್ನು ಬಯಾಪ್ಸಿಗೆ ಕಳಿಸಬೇಕು. ಕಳಿಸಿದವರು ಹೋದರೋ ಇಲ್ಲವೋ ಎಂದು ವಿಚಾರಿಸುವ ಒಬ್ಬ ಸಿಬ್ಬಂದಿ ಇರಬೇಕು. ಟಿಬಿ ರೋಗಿಗಳನ್ನು ಮನೆಮನೆಗೆ ಹೋಗಿ ವಿಚಾರಿಸುವ ವ್ಯವಸ್ಥೆ ಈಗಾಗಲೇ ನಿಮ್ಮಲ್ಲಿದೆ, ಅದೇ ನೋಂದಣಿಯಲ್ಲಿ ಒಂದು ಕಾಲಂ ಹೆಚ್ಚಿಸಿದರೆ ಸಾಕು. ಮುಂದಿನ ಮಳೆಗಾಲಕ್ಕೆ ಮೊದಲು ಇದನ್ನು ಹೊರಡಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಮಗನ ತೂಕದ ಚೀಟಿಗಳು, ಎಕ್ಸ್‌ರೇ, ಬಯಾಪ್ಸಿ ವರದಿ ಎಲ್ಲವೂ ನನ್ನ ಬಳಿ ದಿನಾಂಕದ ಪ್ರಕಾರ ಇವೆ. ತಾವು ಕರೆದ ದಿನ ತಂದು ಮುಂದಿಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ